ದ್ರಾಕ್ಷಾರಸಕ್ಕೆ ಅಂಕ ಹಾಕುವವರು



ಬೆಳೆಯುವುದು ಒಂದು ಕೆಲಸ. ಬೆಳೆದದ್ದಕ್ಕೆ ದರ್ಜೆ ಕಟ್ಟುವುದು ಇನ್ನೊಂದು ಕೆಲಸ. ಮೊದಲನೆಯದು ನಿಮ್ಮ ಪಾಲಿಗೆ ಬಂದಿದೆ. ಎರಡನೆಯದನ್ನು ಬೇರೆ ಯಾರೋ ಮಾಡುತ್ತಾರೆ. ಶಿವಮೊಗ್ಗದ ಮಂಡಿಯಲ್ಲಿ ಅಡಿಕೆ ಚೀಲ ಇಳಿಸಿದ ಮೇಲೆ ಇದು ಸರಕು, ಇದು ಬೆಟ್ಟೆ, ಇದು ರಾಶಿ, ಇದು ಗೊರಬಲು ಅಂತ ವಿಂಗಡಣೆ ಆಗುತ್ತದೆ. ವ್ಯಾಪಾರಿಯ ಕೈ ಒಮ್ಮೆ ಚೀಲದೊಳಗೆ ಹೋಗಿ ಬಂದರೆ ಸಾಕು, ವರ್ಷದ ದುಡಿಮೆಗೆ ಬೆಲೆ ಬಿದ್ದಂತೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಬಣ್ಣ ನೋಡುತ್ತಾರೆ, ರಾಮನಗರದಲ್ಲಿ ರೇಷ್ಮೆಗೂಡನ್ನು ಹಿಡಿದು ನೋಡುತ್ತಾರೆ. ದರ್ಜೆ ಕಟ್ಟುವವನು ತಿಳಿದವನಾದರೆ, ನ್ಯಾಯವಂತನಾದರೆ ನಮಗೆ ಸಮಾಧಾನ. ಅವನು ನಮ್ಮ ಊರಿನ ಕಡೆ ತಲೆಯೇ ಹಾಕದಿದ್ದರೆ? ಅಥವಾ ತನ್ನ ಒಬ್ಬನ ರುಚಿಯನ್ನೇ ಊರಿಗೆಲ್ಲ ಅಳತೆ ಮಾಡಿಬಿಟ್ಟರೆ? ಆಗ ಏನು ಗತಿ?

ಈ ಪ್ರಶ್ನೆಯನ್ನು ಈಗ ಒಂದು ಪರದೇಶದ ಬೆಳೆಯನ್ನು ಇಟ್ಟುಕೊಂಡು ನೋಡೋಣ. ಆ ಬೆಳೆ ದ್ರಾಕ್ಷಿ. ಅದರಿಂದ ಆಗುವ ಪದಾರ್ಥ ವೈನು. ವೈನಿಗೆ ಅಂಕ ಹಾಕುವುದನ್ನೇ ಜೀವನದ ಕಸುಬು ಮಾಡಿಕೊಂಡ ಪರೀಕ್ಷಕರಿದ್ದಾರೆ. ಅವರ ಬರಹಕ್ಕೆ ಚಂದಾ ಕೊಟ್ಟು ಓದುವ ರಸಿಕರಿದ್ದಾರೆ. ಈ ರಸಿಕರು ತಮ್ಮ ಪರೀಕ್ಷಕರ ಬಗ್ಗೆ ಏನಂತಾರೆ, ಅದರಲ್ಲೂ ಒಂದೊಂದು ಸೀಮೆಯನ್ನು ಅವರು ನೋಡುವ ರೀತಿಯ ಬಗ್ಗೆ ಏನಂತಾರೆ ಎಂಬುದೇ ನಮ್ಮ ವಿಷಯ. ನಾನೇನೂ ಕುಡಿಯಿರಿ ಅಂತ ಹೇಳುವುದಕ್ಕೆ ಬಂದವನಲ್ಲ. ಕುಡಿಯದ ಮನೆಗೂ ಈ ಕಥೆಯಿಂದ ಒಂದು ಪಾಠವಿದೆ. ಯಾಕೆಂದರೆ ಇದು ಮೂಲದಲ್ಲಿ ಹೊಲದ ಕಥೆ.

ಮೊದಲು, ಪರೀಕ್ಷಕ ಯಾಕೆ ಬೇಕಾಯಿತು ಅಂತ ನೋಡಿ. ಅಡಿಕೆಯನ್ನಾದರೆ ಒಡೆದು ನೋಡಬಹುದು, ಬೆಲ್ಲವನ್ನಾದರೆ ಚೂರು ಮುರಿದು ಬಾಯಿಗೆ ಹಾಕಿಕೊಳ್ಳಬಹುದು. ವೈನು ಮುಚ್ಚಿದ ಸೀಸೆಯಲ್ಲಿ ಬರುತ್ತದೆ. ಬಿರಡೆ ತೆಗೆದು ಕುಡಿದ ಮೇಲೆ ರುಚಿ ಹಿಡಿಸಲಿಲ್ಲ ಅಂದರೆ ಕೊಟ್ಟ ಹಣ ಹೋಯಿತು. ಸಾಲದ್ದಕ್ಕೆ ಒಂದೇ ತಳಿಯ ದ್ರಾಕ್ಷಿ ಈ ಹೊಲದಲ್ಲಿ ಒಂದು ರುಚಿ, ಬದು ದಾಟಿದರೆ ಇನ್ನೊಂದು ರುಚಿ. ಈ ವರ್ಷ ಒಂದು ಬಗೆ, ಮಳೆ ಹೆಚ್ಚು ಬಿದ್ದ ವರ್ಷ ಇನ್ನೊಂದು ಬಗೆ. ಅಂಗಡಿಯಲ್ಲಿ ನೂರಾರು ಸೀಸೆಗಳ ಮುಂದೆ ನಿಂತ ಗಿರಾಕಿಗೆ ದಿಕ್ಕು ತೋಚುವುದಿಲ್ಲ. ‘ಹೆತ್ತವರಿಗೆ ಹೆಗ್ಗಣ ಮುದ್ದು’ ಅನ್ನುವಂತೆ ಮಾಡಿದವನು ತನ್ನ ಸರಕನ್ನು ಹೊಗಳಿಯೇ ಹೊಗಳುತ್ತಾನೆ, ಮಾರುವವನೂ ಹೊಗಳುತ್ತಾನೆ. ಆದ್ದರಿಂದ ಮೂರನೆಯವನೊಬ್ಬ ಬೇಕಾಯಿತು.

ಹಿಂದಿನ ಕಾಲದಲ್ಲಿ ಈ ಕೆಲಸವನ್ನು ದಲ್ಲಾಳಿಗಳೇ ಮಾಡುತ್ತಿದ್ದರು. 1855ರಲ್ಲಿ ಪ್ಯಾರಿಸ್ ನಗರದಲ್ಲಿ ದೊಡ್ಡದೊಂದು ವಸ್ತು ಪ್ರದರ್ಶನ ನಡೆಯಿತು. ಅದಕ್ಕಾಗಿ ಫ್ರಾನ್ಸಿನ ಬೋರ್ಡೋ ಸೀಮೆಯ ದಲ್ಲಾಳಿಗಳು ತಮ್ಮ ಕಡೆಯ ಕೆಂಪು ವೈನುಗಳನ್ನು ಐದು ದರ್ಜೆಗಳಾಗಿ ವಿಂಗಡಿಸಿಕೊಟ್ಟರು. ಅವರು ಹಿಡಿದ ಆಧಾರ ಮುಖ್ಯವಾಗಿ ಪೇಟೆಯ ಬೆಲೆ. ಬಹುಕಾಲದಿಂದ ಹೆಚ್ಚು ಬೆಲೆಗೆ ಹೋಗುತ್ತಿದ್ದದ್ದು ಮೊದಲ ದರ್ಜೆ. ಕಡಿಮೆಗೆ ಹೋಗುತ್ತಿದ್ದದ್ದು ಕೆಳಗಿನ ದರ್ಜೆ. ಈ ಪಟ್ಟಿಯ ಕೆಂಪು ವೈನುಗಳೆಲ್ಲ ಮೆದೋಕ್ ಎಂಬ ಒಂದೇ ಭಾಗದವು. ಹೊರಗಿನದು ಓಬ್ರಿಯೋಂ ಎಂಬುದೊಂದೇ. ಅದೇ ಬೋರ್ಡೋದಲ್ಲಿ ನದಿಯ ಆಚೆ ದಡಕ್ಕಿರುವ ಸೇಂಟ್ ಎಮಿಲಿಯೋಂ, ಪೊಮೆರೋಲ್ ಭಾಗಗಳಿಂದ ಒಂದು ಹೆಸರೂ ಬರಲಿಲ್ಲ. ಪೊಮೆರೋಲಿನ ಕೆಲವು ವೈನುಗಳು ಇಂದು ಲೋಕದಲ್ಲೇ ದುಬಾರಿಯಾದವು. ಆದರೂ ಆ ಪಟ್ಟಿ ಬದಲಾಗಲಿಲ್ಲ. ಕೆಳಗಿನ ದರ್ಜೆಯಿಂದ ಮೊದಲ ದರ್ಜೆಗೆ ಏರಿದ್ದು ಮೂತೋಂ ರಾಥ್‌ಶೀಲ್ಡ್ ಎಂಬ ಒಂದೇ ತೋಟ, ಅದೂ 1973ರಲ್ಲಿ. ಅಂದರೆ ಅಂದು ದಲ್ಲಾಳಿಗಳ ಕಣ್ಣಿಗೆ ಬಿದ್ದ ಊರು ಮೇಲೆ ಬಂತು, ಬೀಳದ ಊರು ಪಟ್ಟಿಯ ಹೊರಗೆ ಉಳಿಯಿತು.

ಈಗ ಪರೀಕ್ಷಕರ ಕಾಲಕ್ಕೆ ಬರೋಣ. ಅಮೆರಿಕದ ಮೇರಿಲ್ಯಾಂಡ್ ಪ್ರಾಂತದಲ್ಲಿ ರಾಬರ್ಟ್ ಪಾರ್ಕರ್ ಅಂತ ಒಬ್ಬ ವಕೀಲರಿದ್ದರು. ಅವರು ಕೆಲಸ ಮಾಡುತ್ತಿದ್ದದ್ದು ಎಲ್ಲಿ ಗೊತ್ತೇ? ರೈತರಿಗೆ ಸಾಲ ಕೊಡುವ ಬ್ಯಾಂಕಿನಲ್ಲಿ! 1978ರಲ್ಲಿ ಅವರು ಒಂದು ಪುಟ್ಟ ಪತ್ರಿಕೆ ಶುರುಮಾಡಿದರು. ಅದರ ಹೆಸರು ‘ವೈನ್ ಅಡ್ವೊಕೇಟ್’ ಅಂತ ನಿಂತಿತು. ಜಾಹೀರಾತು ತೆಗೆದುಕೊಳ್ಳುವುದಿಲ್ಲ, ಮಾರುವವರ ಹಂಗಿನಲ್ಲಿ ಇರುವುದಿಲ್ಲ, ಕೊಳ್ಳುವವನ ಪಕ್ಷ ವಹಿಸುತ್ತೇನೆ ಎಂಬುದು ಅವರ ವ್ರತ. ಪ್ರತಿಯೊಂದು ವೈನಿಗೂ ನೂರಕ್ಕೆ ಇಷ್ಟು ಅಂತ ಅಂಕ ಕೊಟ್ಟರು. ಎಣಿಕೆ ಐವತ್ತರಿಂದ ಶುರು. ಶಾಲೆಯ ಮಗುವಿನ ಮಾರ್ಕಿನ ಹಾಗೆ ಇದು ಯಾರಿಗಾದರೂ ತಟ್ಟನೆ ತಿಳಿಯುವಂಥದು. 1982ರ ಬೋರ್ಡೋ ಬೆಳೆ ಬಂದಾಗ ಅವರು ಇದು ಅಪರೂಪದ ಬೆಳೆ ಅಂತ ಬರೆದರು. ಆಗ ಹೆಸರಾಗಿದ್ದ ರಾಬರ್ಟ್ ಫಿನಿಗನ್ ಎಂಬ ಇನ್ನೊಬ್ಬ ಅಮೆರಿಕದ ಪರೀಕ್ಷಕರು ಅಷ್ಟು ಮೆಚ್ಚಲಿಲ್ಲ. ಕಾಲ ಕಳೆದ ಹಾಗೆ ಪಾರ್ಕರ್ ಮಾತು ನಿಜವೆಂದು ರಸಿಕರು ಒಪ್ಪಿಕೊಂಡರು. 1984ರಲ್ಲಿ ಅವರು ವಕೀಲಿ ಬಿಟ್ಟು ಇದನ್ನೇ ಕಸುಬು ಮಾಡಿಕೊಂಡರು.

ಅವರ ಅಂಕಕ್ಕೆ ಎಷ್ಟು ಬಲ ಬಂತು ಅನ್ನುವುದಕ್ಕೆ ಒಂದು ನಿದರ್ಶನ ಕೇಳಿ. ಬೋರ್ಡೋದಲ್ಲಿ ಒಂದು ಪದ್ಧತಿಯಿದೆ. ಶರತ್ಕಾಲದಲ್ಲಿ ದ್ರಾಕ್ಷಿ ಕೊಯ್ದರೆ, ಮರುವರ್ಷದ ವಸಂತದಲ್ಲಿ ವೈನು ಇನ್ನೂ ಪೀಪಾಯಿಯಲ್ಲಿ ಇರುವಾಗಲೇ ಪರೀಕ್ಷಕರು ಬಂದು ರುಚಿ ನೋಡುತ್ತಾರೆ. ಅಂಕ ಹೊರಬಿದ್ದ ಮೇಲೆ ತೋಟದವರು ಬೆಲೆ ಹೇಳುತ್ತಾರೆ. ‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಅನ್ನುವ ಲೆಕ್ಕ. 2003ರ ವಸಂತದಲ್ಲಿ ಇರಾಕಿನ ಯುದ್ಧ ಶುರುವಾಗಿ ಪಾರ್ಕರ್ ಎಂದಿನ ಸಮಯಕ್ಕೆ ಬರಲಿಲ್ಲ. ತೋಟದವರು ಅವರ ಅಂಕವಿಲ್ಲದೆಯೇ ಬೆಲೆ ಹೇಳಬೇಕಾಯಿತು. ಫ್ರಾನ್ಸಿನ ಅರ್ಥಶಾಸ್ತ್ರಜ್ಞರು ಆ ವರ್ಷವನ್ನು ಬೇರೆ ವರ್ಷದೊಡನೆ ಹೋಲಿಸಿ ಲೆಕ್ಕ ಹಾಕಿದರು. ಪಾರ್ಕರ್ ಅಂಕದ ಪರಿಣಾಮ ಸರಾಸರಿ ಸೀಸೆಗೆ 2.80 ಯೂರೋ ಅಂತ ಬಂತು. ಒಬ್ಬ ಮನುಷ್ಯನ ನಾಲಿಗೆಯ ಬೆಲೆ ನೋಡಿ! ಅಂಗಡಿಯವರಲ್ಲಿ ಒಂದು ಮಾತೇ ಹುಟ್ಟಿಕೊಂಡಿತು: ತೊಂಬತ್ತಕ್ಕಿಂತ ಕಡಿಮೆ ಬಂದರೆ ಮಾರಲು ಆಗುವುದಿಲ್ಲ, ಹೆಚ್ಚು ಬಂದರೆ ಕೊಳ್ಳಲು ಸಿಗುವುದಿಲ್ಲ ಅಂತ.

ಹಾಗಾದರೆ ರಸಿಕರು ಸಂತೋಷವಾಗಿ ಇರಬೇಕಲ್ಲ? ಇದ್ದಾರೆ, ಇಲ್ಲ, ಎರಡೂ ನಿಜ. ಅವರು ಕೃತಜ್ಞತೆಯಿಂದ ನೆನೆಯುವ ಸಂಗತಿ ಒಂದುಂಟು. ಹಿಂದೆ ಹೆಸರಿನ ಬಲದಿಂದಲೇ ನಡೆಯುತ್ತಿದ್ದ ದೊಡ್ಡ ತೋಟಗಳು, ಕೆಟ್ಟ ಸರಕು ಮಾಡಿದರೆ ಕೆಟ್ಟ ಅಂಕ ಬೀಳುತ್ತದೆಂಬ ಭಯಕ್ಕಾದರೂ ಎಚ್ಚರಗೊಂಡವು. ಉಗ್ರಾಣ ಚೊಕ್ಕಟವಾಯಿತು, ಹಣ್ಣು ಆರಿಸುವುದು ಬಿಗಿಯಾಯಿತು. ಹೆಸರಿಲ್ಲದ ಚಿಕ್ಕ ತೋಟಗಳು ಒಂದೇ ಒಳ್ಳೆಯ ಅಂಕದಿಂದ ಬದುಕಿಕೊಂಡವು. ಇದು ಸಣ್ಣ ಉಪಕಾರವಲ್ಲ.

ದೂರುಗಳು ಏನು? ಮೊದಲನೆಯದು, ರುಚಿ ಒಂದೇ ಕಡೆ ವಾಲಿತು ಎಂಬುದು. ಪಾರ್ಕರಿಗೆ ಚೆನ್ನಾಗಿ ಮಾಗಿದ ಹಣ್ಣಿನ, ಗಾಢ ಬಣ್ಣದ, ತುಂಬು ಮೈಯ ವೈನು ಇಷ್ಟ ಅಂತ ಹಲವು ರಸಿಕರು ಗುರುತಿಸಿದರು. ಅಂಕಕ್ಕಾಗಿ ಕೆಲವು ತೋಟದವರು ಕೊಯ್ಲನ್ನೇ ತಡಮಾಡಿ, ಹೊಸ ಪೀಪಾಯಿಯ ವಾಸನೆ ಹೆಚ್ಚಿಸಿ, ಅದೇ ಅಚ್ಚಿನಲ್ಲಿ ಎರಕ ಹೊಯ್ದರು ಎಂಬುದು ಆಕ್ಷೇಪ. ಇದಕ್ಕೆ ‘ಪಾರ್ಕರೀಕರಣ’ ಅಂತ ಹೆಸರೇ ಬಿತ್ತು. ನೆಲದ ಗುಣ ಮಾತಾಡಬೇಕಾದ ಕಡೆ ಪರೀಕ್ಷಕನ ನಾಲಿಗೆ ಮಾತಾಡಿತು ಅಂತ ಅವರ ಕೊರಗು.

ಎರಡನೆಯ ದೂರೇ ಮುಖ್ಯವಾದದ್ದು. ಅದು ಸೀಮೆಯ ವಿಷಯ. ಒಬ್ಬ ಮನುಷ್ಯ ಎಷ್ಟು ಸೀಮೆಗಳನ್ನು ಚೆನ್ನಾಗಿ ತಿಳಿದುಕೊಳ್ಳಬಲ್ಲ? ಬೋರ್ಡೋದಲ್ಲಿ ತೋಟಗಳು ದೊಡ್ಡವು, ಒಬ್ಬೊಬ್ಬ ಮಾಲೀಕ, ಒಂದೊಂದು ಹೆಸರು. ಆದರೆ ಅದೇ ಫ್ರಾನ್ಸಿನ ಬರ್ಗಂಡಿಗೆ ಹೋಗಿ. ನಮ್ಮ ಊರುಗಳಲ್ಲಿ ಅಣ್ಣತಮ್ಮಂದಿರು ಪಾಲಾಗಿ ಹೊಲ ಪಟ್ಟಿಪಟ್ಟಿಯಾಗುವುದಿಲ್ಲವೇ, ಅಲ್ಲಿಯೂ ಹಾಗೆಯೇ ಆಗಿದೆ. ಕ್ಲೋ ದ ವೂಜೋ ಎಂಬ ಒಂದು ಹಳೆಯ ತೋಟಕ್ಕೆ ಸುತ್ತ ಗೋಡೆಯಿದೆ. ವಿಸ್ತೀರ್ಣ ಸುಮಾರು 50 ಹೆಕ್ಟೇರು, ಅಂದರೆ ನಮ್ಮ ಲೆಕ್ಕಕ್ಕೆ 125 ಎಕರೆಯ ಹತ್ತಿರ. ಒಡೆಯರು ಮಾತ್ರ ಎಂಬತ್ತರ ಆಸುಪಾಸು! ಸೀಸೆಯ ಮೇಲೆ ತೋಟದ ಹೆಸರು ಒಂದೇ. ಒಳಗಿನ ರಸ ಒಡೆಯನಿಂದ ಒಡೆಯನಿಗೆ ಬೇರೆ. ಬರ್ಗಂಡಿಯಲ್ಲಿ ಹೀಗೆ ಹೆಸರಿಟ್ಟು ಗುರುತಿಸಿದ ಹೊಲದ ತುಂಡುಗಳು 1,247 ಇವೆ. 2015ರಲ್ಲಿ ಯುನೆಸ್ಕೋ ಇವುಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇಂಥ ಸೀಮೆಯನ್ನು ವರ್ಷಕ್ಕೊಮ್ಮೆ ಬಂದು ಹೋಗುವವನು ಅಳೆಯಬಲ್ಲನೇ?

ಪಾರ್ಕರ್ ಮೊದಮೊದಲು ಬರ್ಗಂಡಿಯನ್ನೂ ತಾವೇ ನೋಡುತ್ತಿದ್ದರು. ಅಲ್ಲಿಯ ಬೆಳೆಗಾರರಿಗೂ ಅವರಿಗೂ ಸರಿಹೊಂದಲಿಲ್ಲ. 1990ರ ದಶಕದಲ್ಲಿ ಒಂದು ಬರಹದ ಬಗ್ಗೆ ಮೊಕದ್ದಮೆಯೂ ಆಗಿ, ರಾಜಿಯಲ್ಲಿ ಮುಗಿಯಿತು. ಅನಂತರ ಆ ಸೀಮೆಯನ್ನು ಪಿಯರ್ ಆಂಟ್ವಾನ್ ರೊವಾನಿ ಎಂಬ ಸಹಾಯಕರಿಗೆ ಒಪ್ಪಿಸಿದರು. 2006ರಲ್ಲಿ ಇನ್ನೂ ಹಲವರನ್ನು ಸೇರಿಸಿಕೊಂಡು ಸೀಮೆಗಳನ್ನು ಹಂಚಿದರು. ಇಟಲಿ ಒಬ್ಬರಿಗೆ, ಜರ್ಮನಿ ಒಬ್ಬರಿಗೆ, ಹೀಗೆ. ಬರ್ಗಂಡಿ ಡೇವಿಡ್ ಶಿಲ್ಡ್‌ನೆಕ್ಟ್ ಪಾಲಿಗೆ ಬಂತು. ಆಮೇಲೆ ಆಂಟೋನಿಯೋ ಗಲೋನಿ ಬಂದರು. 2013ರಲ್ಲಿ ಅವರು ಬಿಟ್ಟುಹೋಗಿ ‘ವೈನಸ್’ ಎಂಬ ಸ್ವಂತ ಪ್ರಕಟಣೆ ಶುರುಮಾಡಿದಾಗ ನೀಲ್ ಮಾರ್ಟಿನ್ ಬಂದರು. ಲೆಕ್ಕ ಹಾಕಿ: ಸುಮಾರು ಇಪ್ಪತ್ತು ವರ್ಷಗಳಲ್ಲಿ ಒಂದೇ ಪತ್ರಿಕೆಯಲ್ಲಿ, ಒಂದೇ ಸೀಮೆಗೆ ಐದು ನಾಲಿಗೆಗಳು.

ಇಲ್ಲೇ ರಸಿಕರ ಪ್ರಶ್ನೆ ಏಳುತ್ತದೆ. ಪತ್ರಿಕೆಯ ಹೆಸರು ಒಂದೇ, ಅಂಕದ ಮಾಪನ ಒಂದೇ, ಅಂಗಡಿಯವನು ಅಂಟಿಸುವ ಚೀಟಿಯಲ್ಲಿ ‘92’ ಅಂತ ಕಾಣುವುದೂ ಒಂದೇ. ಆದರೆ ಈ ತೊಂಬತ್ತೆರಡನ್ನು ಹಾಕಿದವನು ಆ ತೊಂಬತ್ತೆರಡನ್ನು ಹಾಕಿದವನಲ್ಲ. ಒಬ್ಬನಿಗೆ ಹುಳಿ ಮುಂದಿದ್ದರೆ ಇಷ್ಟ, ಇನ್ನೊಬ್ಬನಿಗೆ ಸಿಹಿ ಮುಂದಿದ್ದರೆ ಇಷ್ಟ. ಒಂದೇ ಸೇರು ಅಂತ ಹೇಳಿ ವರ್ಷಕ್ಕೊಂದು ಸೇರಿನಲ್ಲಿ ಕಾಳು ಅಳೆದ ಹಾಗಾಯಿತು. ಆದ್ದರಿಂದ ಪಳಗಿದ ರಸಿಕರು ಈಗ ಪತ್ರಿಕೆಯ ಹೆಸರನ್ನು ಕೇಳುವುದಿಲ್ಲ. ಬರೆದವನ ಹೆಸರನ್ನು ಕೇಳುತ್ತಾರೆ. ಪಾರ್ಕರ್ ತಾವೇ 2019ರಲ್ಲಿ ನಿವೃತ್ತರಾದರು. ಅದೇ ವರ್ಷ ಪತ್ರಿಕೆ ಪೂರ್ತಿಯಾಗಿ ಮಿಶಲಿನ್ ಕಂಪನಿಯ ಕೈಗೆ ಹೋಯಿತು. ಟೈರು ಮಾಡುವ, ಹೋಟೆಲುಗಳಿಗೆ ನಕ್ಷತ್ರ ಕೊಡುವ ಅದೇ ಮಿಶಲಿನ್. ಪತ್ರಿಕೆ ಉಳಿಯಿತು, ನಾಲಿಗೆ ಬದಲಾಯಿತು.

ಈ ಕೊರತೆಯೇ ಇನ್ನೊಂದು ಬಗೆಯ ಪರೀಕ್ಷಕರಿಗೆ ದಾರಿ ಮಾಡಿತು. ಅಲೆನ್ ಮೆಡೋಸ್ ಎಂಬ ಅಮೆರಿಕದವರು ಹಣಕಾಸಿನ ಉದ್ಯೋಗ ಬಿಟ್ಟು, 2000ದಲ್ಲಿ ‘ಬರ್ಗ್‌ಹೌಂಡ್’ ಎಂಬ ಪ್ರಕಟಣೆಗೆ ತೊಡಗಿದರು. ಅವರ ವಿಷಯ ಮುಖ್ಯವಾಗಿ ಬರ್ಗಂಡಿ. ವರ್ಷದಲ್ಲಿ ತಿಂಗಳುಗಟ್ಟಲೆ ಅಲ್ಲಿಯೇ ಇದ್ದು, ಒಬ್ಬೊಬ್ಬ ಒಡೆಯನ ನೆಲಮಾಳಿಗೆಗೆ ಇಳಿದು ರುಚಿ ನೋಡುವುದು ಅವರ ಕ್ರಮ. ಬರ್ಗಂಡಿ ಪ್ರಿಯರಲ್ಲಿ ಬಹಳ ಮಂದಿ ಇಂಥವರ ಕಡೆ ತಿರುಗಿದರು. ಎಲ್ಲ ಕಡೆ ತಿರುಗುವ ವೈದ್ಯನಿಗಿಂತ ಊರಲ್ಲೇ ಇದ್ದು ನಾಡಿ ಹಿಡಿಯುವವನು ಮೇಲು ಅಂತ ಅವರ ಅಭಿಪ್ರಾಯ. ಇದಕ್ಕೆ ಎದುರು ವಾದವೂ ಇದೆ. ಒಂದೇ ಸೀಮೆಯಲ್ಲಿ ಬಹಳ ಕಾಲ ಇದ್ದವನು ಅಲ್ಲಿಯವರ ಸ್ನೇಹಿತನಾಗುತ್ತಾನೆ. ಸ್ನೇಹಿತನ ಬಾಯಿಂದ ಕಹಿ ಮಾತು ಬರುವುದು ಕಷ್ಟ. ದೂರದವನಿಗೆ ತಿಳಿವಳಿಕೆ ಸಾಲದು, ಹತ್ತಿರದವನಿಗೆ ನಿಷ್ಠುರ ಸಾಲದು. ಎರಡನ್ನೂ ತೂಗಿ ನೋಡಬೇಕು.

ಮೂರನೆಯ ದೂರು, ಕೆಲವು ಸೀಮೆಗಳ ಕಡೆ ಪರೀಕ್ಷಕರು ಹೆಚ್ಚಾಗಿ ತಿರುಗಿಯೇ ನೋಡುವುದಿಲ್ಲ ಎಂಬುದು. ಪುಟಗಳೆಲ್ಲ ದುಬಾರಿ ವೈನಿಗೆ. ಬೋಜೊಲೆ, ಮಸ್ಕದೆ ಮೊದಲಾದ ಅಗ್ಗದ ಸೀಮೆಗಳಿಗೆ ಮೂಲೆಯ ಜಾಗ. ನೋಡದ ಸೀಮೆಯಲ್ಲಿ ಒಳ್ಳೆಯದಿಲ್ಲ ಅಂತ ಅರ್ಥವಲ್ಲ. 1976ರ ಮೇ 24ರಂದು ಪ್ಯಾರಿಸಿನಲ್ಲಿ ಸ್ಟೀವನ್ ಸ್ಪರಿಯರ್ ಎಂಬ ಇಂಗ್ಲಿಷ್ ವರ್ತಕರು ಒಂದು ಪರೀಕ್ಷೆ ಏರ್ಪಡಿಸಿದರು. ಫ್ರಾನ್ಸಿನ ಹೆಸರಾಂತ ವೈನುಗಳನ್ನೂ ಕ್ಯಾಲಿಫೋರ್ನಿಯಾದ ವೈನುಗಳನ್ನೂ ಹೆಸರು ಮುಚ್ಚಿಟ್ಟು ಕೊಟ್ಟರು. ಲೆಕ್ಕಕ್ಕೆ ಹಿಡಿದ ಒಂಬತ್ತು ಮಂದಿ ತೀರ್ಪುಗಾರರೂ ಫ್ರೆಂಚರೇ. ಹೆಸರು ತೆರೆದು ನೋಡಿದರೆ ಬಿಳಿಯದರಲ್ಲೂ ಕೆಂಪಿನಲ್ಲೂ ಮೊದಲ ಸ್ಥಾನ ಕ್ಯಾಲಿಫೋರ್ನಿಯಾಕ್ಕೆ! ಅದನ್ನು ನೋಡಲು ಬಂದಿದ್ದ ಪತ್ರಿಕೆಯವರು ಒಬ್ಬರೇ, ‘ಟೈಮ್’ ಪತ್ರಿಕೆಯ ಜಾರ್ಜ್ ಟೇಬರ್. ಅವರೂ ಬರದಿದ್ದರೆ ಆ ಸುದ್ದಿ ಆ ಕೋಣೆಯಲ್ಲೇ ಉಳಿಯುತ್ತಿತ್ತೋ ಏನೋ. ಕ್ಯಾಲಿಫೋರ್ನಿಯಾದ ನೆಲ ಆ ದಿನ ಬದಲಾಗಲಿಲ್ಲ. ಲೋಕದ ಕಣ್ಣು ಬದಲಾಯಿತು.

ಬೋರ್ಡೋದ ಒಳಗೇ ಇದರ ಇನ್ನೊಂದು ಮುಖ ಕಾಣುತ್ತದೆ. ಆ ಸೀಮೆಯಲ್ಲಿ ಲಕ್ಷ ಹೆಕ್ಟೇರಿನ ಆಸುಪಾಸು ದ್ರಾಕ್ಷಿ ತೋಟ ಇತ್ತು, ಸಾವಿರಾರು ಬೆಳೆಗಾರರು. ಪರೀಕ್ಷಕರು ವರ್ಷವರ್ಷವೂ ಬರೆಯುವುದು ಹೆಚ್ಚಾಗಿ ಕೆಲವು ನೂರು ಹೆಸರುಗಳ ಬಗ್ಗೆ. 1855ರ ಪಟ್ಟಿಯ ಕೆಂಪು ವೈನಿನ ತೋಟಗಳಂತೂ ಇಂದಿಗೆ 61. ಉಳಿದವರ ಕಥೆ? ಕೆಂಪು ವೈನಿನ ಬೇಡಿಕೆ ಕುಗ್ಗಿ, ಹೆಸರಿಲ್ಲದ ಸರಕು ಉಗ್ರಾಣದಲ್ಲಿ ಉಳಿಯಿತು. 2023ರಲ್ಲಿ ಬಳ್ಳಿ ಕಿತ್ತವರಿಗೆ ಹೆಕ್ಟೇರಿಗೆ 6,000 ಯೂರೋ ಪರಿಹಾರ ಕೊಡುವ ಯೋಜನೆ ಬಂತು. 9,500 ಹೆಕ್ಟೇರಿನವರೆಗೆ ಕೀಳುವ ಅಂದಾಜು. ಇದಕ್ಕೆ ಪರೀಕ್ಷಕರೇ ಕಾರಣ ಅಂತ ಹೇಳುವುದು ಅನ್ಯಾಯ. ಜನರ ರೂಢಿ ಬದಲಾಯಿತು, ಪೇಟೆ ಬದಲಾಯಿತು. ಆದರೆ ಅಂಕದ ದೀಪ ಬೀಳುತ್ತಿದ್ದ ಹೊಲ ಯಾವುದು, ಬೀಳದ ಹೊಲ ಯಾವುದು ಅಂತ ಅಂಥ ಕಾಲದಲ್ಲಿ ಚೆನ್ನಾಗಿ ಕಾಣುತ್ತದೆ. ತನ್ನ ಕೈಯಾರೆ ನೆಟ್ಟ ಬಳ್ಳಿಯನ್ನು ತಾನೇ ಕೀಳುವ ರೈತನ ಸಂಕಟ ಯಾವ ದೇಶದಲ್ಲಾದರೂ ಒಂದೇ.

ಇನ್ನು ಪರೀಕ್ಷಕನ ನಾಲಿಗೆಯನ್ನೇ ಪರೀಕ್ಷಿಸಿದರೆ? ಅದನ್ನೂ ಮಾಡಿದ್ದಾರೆ. ರಾಬರ್ಟ್ ಹಾಡ್ಜ್‌ಸನ್ ಎಂಬ ನಿವೃತ್ತ ಪ್ರಾಧ್ಯಾಪಕರು ಕ್ಯಾಲಿಫೋರ್ನಿಯಾದಲ್ಲಿ ತಾವೂ ವೈನು ಮಾಡುವವರು. ತಮ್ಮ ಒಂದೇ ಸರಕಿಗೆ ಒಂದು ಸ್ಪರ್ಧೆಯಲ್ಲಿ ಪದಕ, ಇನ್ನೊಂದರಲ್ಲಿ ಸೊನ್ನೆ ಬಂದರೆ ಯಾರಿಗಾದರೂ ಅನುಮಾನ ಬರುವುದಿಲ್ಲವೇ? 2005ರಿಂದ ಕೆಲವು ವರ್ಷ ಅಲ್ಲಿಯ ರಾಜ್ಯ ಜಾತ್ರೆಯ ಸ್ಪರ್ಧೆಯಲ್ಲಿ, ಒಂದೇ ಸೀಸೆಯ ವೈನನ್ನು ಒಬ್ಬನೇ ತೀರ್ಪುಗಾರನಿಗೆ ಬೇರೆಬೇರೆ ಲೋಟದಲ್ಲಿ ಮೂರು ಸಲ ಕೊಡಿಸಿದರು. ಮೂರು ಸಲವೂ ಒಂದೇ ಪದಕದ ಮಟ್ಟದೊಳಗೆ ತೀರ್ಪು ಕೊಟ್ಟವರು ನೂರಕ್ಕೆ ಹತ್ತರಷ್ಟು ಮಂದಿ ಮಾತ್ರ. ಬೋರ್ಡೋದಲ್ಲಿ 54 ವಿದ್ಯಾರ್ಥಿಗಳ ಮೇಲೆ ಮಾಡಿ 2001ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ, ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟರೆ ಅವರು ಅದಕ್ಕೆ ಕೆಂಪು ವೈನಿನ ವಾಸನೆಯ ಮಾತುಗಳನ್ನೇ ಬರೆದರು. ಕಣ್ಣು ಹೇಳಿದ್ದನ್ನು ಮೂಗು ಒಪ್ಪಿಕೊಂಡಿತು!

ಇಬ್ಬರು ಉತ್ತಮರಿಗೆ ನಡುವೆಯೂ ಭೇದ ಬರುತ್ತದೆ. 2003ನೇ ವರ್ಷದ ಶಾತೋ ಪಾವಿ ಎಂಬ ಬೋರ್ಡೋ ವೈನನ್ನು ಪಾರ್ಕರ್ ಬಹಳ ಹೊಗಳಿದರು. ಇಂಗ್ಲೆಂಡಿನ ಜಾನ್ಸಿಸ್ ರಾಬಿನ್ಸನ್ ಇಪ್ಪತ್ತಕ್ಕೆ 12 ಅಂಕ ಕೊಟ್ಟರು. ಇಬ್ಬರೂ ಬಲ್ಲವರು, ವೈನೂ ಒಂದೇ. 2004ರಲ್ಲಿ ಇದು ದೊಡ್ಡ ಚರ್ಚೆಯಾಗಿ ರಸಿಕರು ಎರಡು ಪಕ್ಷವಾದರು. ಹಾಗಾದರೆ ಯಾರು ಸರಿ? ಈ ಪ್ರಶ್ನೆಯೇ ಅಷ್ಟು ಸರಿಯಲ್ಲ. ಅವರವರ ನಾಲಿಗೆಗೆ ಹಿತವಾದದ್ದನ್ನು ಅವರು ಹೇಳಿದರು. ಓದುವವನು ತನ್ನ ನಾಲಿಗೆ ಯಾರ ನಾಲಿಗೆಗೆ ಹತ್ತಿರ ಅಂತ ತಿಳಿದುಕೊಂಡರೆ ಇಬ್ಬರಿಂದಲೂ ಲಾಭವಿದೆ.

ಇಷ್ಟೆಲ್ಲ ಕೇಳಿದ ಮೇಲೆ, ಹಾಗಾದರೆ ಪರೀಕ್ಷಕರೇ ಬೇಡ ಅಂತೀರಾ? ಪಳಗಿದ ರಸಿಕರು ಹಾಗೆ ಅನ್ನುವುದಿಲ್ಲ. ಅವರು ಹಿಡಿಯುವ ಕ್ರಮ ಹೀಗಿದೆ. ಒಂದು: ಎಲ್ಲ ಸೀಮೆಗೂ ಒಬ್ಬನನ್ನೇ ನಂಬುವುದಿಲ್ಲ, ಬರ್ಗಂಡಿಗೆ ಒಬ್ಬ, ಇಟಲಿಗೆ ಒಬ್ಬ, ಜರ್ಮನಿಗೆ ಒಬ್ಬ. ಎರಡು: ಅವನು ಆ ಸೀಮೆಗೆ ಎಷ್ಟು ಸಲ ಹೋಗುತ್ತಾನೆ, ಹೊಲದಲ್ಲಿ ನಡೆಯುತ್ತಾನೋ ಅಥವಾ ಹೋಟೆಲಿನ ಮೇಜಿನ ಮೇಲೆ ಸಾಲಾಗಿ ಇಟ್ಟ ಮಾದರಿಗಳನ್ನು ಮಾತ್ರ ನೋಡುತ್ತಾನೋ ಅಂತ ವಿಚಾರಿಸುತ್ತಾರೆ. ಮೂರು: ಅವನ ಪ್ರಯಾಣದ ಖರ್ಚು ಯಾರದ್ದು ಅಂತ ಕೇಳುತ್ತಾರೆ. ನಾಲ್ಕು: ಅಂಕಕ್ಕಿಂತ ಮೊದಲು ಅವನು ಬರೆದ ನಾಲ್ಕು ಸಾಲು ಓದುತ್ತಾರೆ. ಹುಳಿ, ಒಗರು, ಗಂಧ ಯಾವ ಮಟ್ಟದಲ್ಲಿದೆ ಅಂತ ಆ ಸಾಲಿನಿಂದ ತಿಳಿಯುತ್ತದೆ, ಅಂಕದಿಂದ ತಿಳಿಯುವುದಿಲ್ಲ. ಐದು: ಅವನು ಮೆಚ್ಚಿದ ಎರಡು, ಮೆಚ್ಚದ ಎರಡು ಸೀಸೆ ತಾವೇ ಕೊಂಡು, ಹೆಸರು ಮುಚ್ಚಿ ರುಚಿ ನೋಡುತ್ತಾರೆ. ಹೀಗೆ ಮಾಡಿದ ಮೇಲೆ ಇವನ ಎಂಬತ್ತೆಂಟು ತನಗೆ ತೊಂಬತ್ತೆರಡು ಅಂತಲೂ ಗೊತ್ತಾಗುತ್ತದೆ. ಇನ್ನೊಂದು ಜಾಣತನವೂ ಅವರಲ್ಲಿದೆ: ಪರೀಕ್ಷಕರು ಕಡಿಮೆ ತಿರುಗುವ ಸೀಮೆಯಲ್ಲಿ ಹುಡುಕಿದರೆ ಒಳ್ಳೆಯ ಸರಕು ಅಗ್ಗದಲ್ಲಿ ಸಿಗುತ್ತದೆ. ಅಂಥ ಕಡೆ ಕೊಳ್ಳುವವನಿಗೂ ಲಾಭ, ಕಾಣದೆ ಉಳಿದ ಬೆಳೆಗಾರನಿಗೂ ಉಪಕಾರ.

ಈಗ ನಮ್ಮ ಕಡೆಗೆ ತಿರುಗೋಣ. ಈ ಕಥೆಗೂ ನಮಗೂ ಸಂಬಂಧವೇ ಇಲ್ಲ ಅನ್ನಬೇಡಿ. ನಂದಿಬೆಟ್ಟದ ತಪ್ಪಲಿನಲ್ಲಿ, ವಿಜಯಪುರ, ಬಾಗಲಕೋಟೆಯ ಕಡೆ ವೈನಿನ ದ್ರಾಕ್ಷಿ ಬೆಳೆಯುವ ರೈತರಿದ್ದಾರೆ. 2007ರಲ್ಲಿ ಕರ್ನಾಟಕ ಸರ್ಕಾರ ಇದಕ್ಕಾಗಿಯೇ ಒಂದು ನೀತಿ ತಂದಿತು. ನಂದಿಯ ಗ್ರೋವರ್ ತೋಟಕ್ಕೆ 1990ರ ದಶಕದಲ್ಲಿ ಸಲಹೆಗಾರರಾಗಿ ಬಂದವರು ಬೋರ್ಡೋದ ಮಿಶೆಲ್ ರೋಲಾಂಡ್. ದೇಶದೇಶದ ತೋಟಗಳಿಗೆ ಸಲಹೆ ಕೊಟ್ಟ ಹೆಸರು ಅದು. ಪಾರ್ಕರ್ ಮೆಚ್ಚುವ ಬಗೆಯ ವೈನನ್ನೇ ಎಲ್ಲ ಕಡೆ ಮಾಡಿಸುತ್ತಾರೆ ಅಂತ ಕೆಲವು ರಸಿಕರು ಅವರ ಮೇಲೂ ಆಕ್ಷೇಪ ತೆಗೆದರು. 2004ರ ‘ಮಾಂಡೊವೀನೋ’ ಎಂಬ ಚಲನಚಿತ್ರದಲ್ಲಿ ಆ ಜಗಳ ಬಂದಿದೆ. ನಂದಿಯ ತೋಟಕ್ಕೆ ಅವರ ಬರವಿನಿಂದ ತಿಳಿವಳಿಕೆ ಬಂತು, ಹೆಸರೂ ಬಂತು. ಆದರೆ ನಂದಿಯ ಮಣ್ಣು ಬೋರ್ಡೋದ ಮಣ್ಣಲ್ಲ. ಇಲ್ಲಿಯ ಬಳ್ಳಿಗೆ ಅಲ್ಲಿಯ ಹಿಮವಿಲ್ಲ, ಅಲ್ಲಿಯ ಬಳ್ಳಿಗೆ ಇಲ್ಲಿಯ ಬಿಸಿಲಿಲ್ಲ. ನಮ್ಮ ಬೆಂಗಳೂರು ನೀಲಿ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅದು ಈ ನೆಲದ ಹಣ್ಣು ಎಂಬುದಕ್ಕೆ ಅದು ಕಾಗದದ ಸಾಕ್ಷಿ.

ಆದ್ದರಿಂದ ಬೆಳೆಗಾರರಾದ ನಿಮಗೆ ನಾಲ್ಕು ಮಾತು. ಅದು ದ್ರಾಕ್ಷಿ ಆಗಲಿ, ಕಾಫಿ ಆಗಲಿ, ಮೆಣಸಿನಕಾಯಿ ಆಗಲಿ. ದರ್ಜೆ ಕಟ್ಟುವವನನ್ನು ವೈರಿ ಅಂತ ತಿಳಿಯಬೇಡಿ. ದೇವರು ಅಂತಲೂ ತಿಳಿಯಬೇಡಿ. ಅವನು ಬಾರದಿದ್ದರೆ ಕರೆಯಿರಿ. ನಾಲ್ಕು ಜನ ಬೆಳೆಗಾರರು ಸೇರಿ ಕರೆದರೆ ಬರುತ್ತಾನೆ. ಬಂದವನನ್ನು ಮನೆಯ ಜಗಲಿಯಲ್ಲಿ ಕೂರಿಸಿ ಕಳಿಸಬೇಡಿ, ಹೊಲಕ್ಕೆ ಕರೆದುಕೊಂಡು ಹೋಗಿ ಮಣ್ಣು ತೋರಿಸಿ. ಯಾವ ತುಂಡಿನಲ್ಲಿ ಎಂದು ಕೊಯ್ದಿರಿ, ಎಷ್ಟು ಬಂತು ಅಂತ ಬರೆದಿಡಿ. ನಾಳೆ ಅವನು ಹೋಗಿ ಇನ್ನೊಬ್ಬ ಬಂದರೂ ನಿಮ್ಮ ಲೆಕ್ಕ ನಿಮ್ಮ ಹತ್ತಿರ ಇರುತ್ತದೆ. ನಿಮ್ಮ ಸರಕನ್ನೂ ನೆರೆಯವನ ಸರಕನ್ನೂ ಹೆಸರು ಮುಚ್ಚಿ ವರ್ಷಕ್ಕೊಮ್ಮೆ ನೀವೇ ಪರೀಕ್ಷೆ ಮಾಡಿ. ಎಲ್ಲಕ್ಕಿಂತ ಮುಖ್ಯವಾಗಿ, ಒಬ್ಬನ ನಾಲಿಗೆಗೆ ಒಗ್ಗಲಿ ಅಂತ ನಿಮ್ಮ ನೆಲದ ಗುಣವನ್ನು ಅಳಿಸಬೇಡಿ. ಪರೀಕ್ಷಕ ಒಂದು ದಿನ ನಿವೃತ್ತನಾಗುತ್ತಾನೆ, ಪತ್ರಿಕೆ ಕೈ ಬದಲಾಗುತ್ತದೆ, ಜನರ ರುಚಿ ತಿರುಗುತ್ತದೆ. ಹೊಲ ಮಾತ್ರ ನಿಮ್ಮ ಮಕ್ಕಳ ಕಾಲಕ್ಕೂ ಅಲ್ಲೇ ಇರುತ್ತದೆ.

ಓದುವ ನೀವು ಕೊಳ್ಳುವವರೂ ಹೌದಲ್ಲವೇ? ಮುಂದಿನ ಸಲ ಪೇಟೆಯಲ್ಲಿ ಯಾವ ಪದಾರ್ಥದ ಮೇಲಾದರೂ ಅಂಕ, ಪದಕ, ನಕ್ಷತ್ರ ಕಂಡರೆ, ಇದನ್ನು ಹಾಕಿದವರು ಯಾರು, ಅವರು ಆ ಊರಿಗೆ ಹೋಗಿದ್ದರೇ ಅಂತ ಒಂದು ಮಾತು ಕೇಳಿ.